ನಮ್ಮ ಮೂರು ಜಿಲ್ಲೆಗಳ ಚಳವಳಿ ಕರಪತ್ರಗಳು: ಯಾರ ಮನೆಯಲ್ಲಿ ಏನಿದೆ, ಹೇಗೆ ಉಳಿಸಿಕೊಳ್ಳೋಣ?

ಉತ್ತರಪಿನಾಕಿನಿ (ಗೌರಿಬಿದನೂರು)

ಎಲ್ಲರಿಗೂ ನಮಸ್ಕಾರ. ಸ್ವಾತಂತ್ರ್ಯ ಚಳವಳಿ ಕಾಲದ ಕರಪತ್ರ ಕೂಡಿಡುವವರು ಈ ಬಳಗದಲ್ಲಿ ಇದ್ದೀರಿ. ನಾನು ಕೇಳುತ್ತಿರುವುದು ಬೆಂಗಳೂರು, ಮೈಸೂರಿನ ದೊಡ್ಡ ಸಂಗ್ರಹಗಳ ಬಗ್ಗೆ ಅಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿ ಮನೆಗಳಲ್ಲಿ ಅಟ್ಟದ ಮೇಲೆ, ಟ್ರಂಕಿನ ಅಡಿಯಲ್ಲಿ ಇನ್ನೂ ಉಳಿದಿರುವ ಹಾಳೆಗಳ ಬಗ್ಗೆ.

ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಗೋಲಿಬಾರ್ ಆದದ್ದು ನಮ್ಮ ಕಡೆ ಶಾಲೆ ಮಕ್ಕಳಿಗೂ ಗೊತ್ತು. ಅಲ್ಲಿನ ಸ್ಮಾರಕ ವೀರಸೌಧ ನೋಡಿ ಬಂದಿರುತ್ತಾರೆ. ಆದರೆ ಅಷ್ಟು ಜನ ಆ ದಿನ ಅಲ್ಲಿಗೆ ಸೇರಿದ್ದು ಹೇಗೆ? ಬಾವುಟ ಹಾರಿಸುತ್ತಾರೆ, ಬನ್ನಿ ಅನ್ನುವ ಸುದ್ದಿ ಊರಿಂದ ಊರಿಗೆ ಹೋದದ್ದು ಬಾಯಿಂದಲೋ, ತಮಟೆಯಿಂದಲೋ, ಕಾಗದದಿಂದಲೋ? ಕಾಗದವಾದರೆ ಅದನ್ನು ಅಚ್ಚು ಹಾಕಿದವರು ಯಾರು, ಹೊತ್ತು ತಂದವರು ಯಾರು? ಇದಕ್ಕೆ ಉತ್ತರ ಸಿಗುವುದಿದ್ದರೆ ನಮ್ಮ ಮನೆಗಳಲ್ಲೇ ಸಿಗಬೇಕು.

ನಮ್ಮ ದೊಡ್ಡಪ್ಪನವರ ಹಳೇ ಮನೆ ಇಳಿಸುವಾಗ ಒಂದು ಕಂತೆ ಸಿಕ್ಕಿದೆ. ಪಂಚೆ ತುಂಡಿನಲ್ಲಿ ಸುತ್ತಿ, ಕತ್ತದ ಹುರಿಯಲ್ಲಿ ಬಿಗಿದಿದ್ದರು. ಒಳಗೆ ಕಂದಾಯದ ರಸೀದಿ, ಒಂದು ಮದುವೆ ಲಗ್ನಪತ್ರಿಕೆ, ಬೆಲ್ಲದ ವ್ಯಾಪಾರದ ಚೀಟಿಗಳು, ಅವುಗಳ ನಡುನಡುವೆ ಕೆಲವು ಕರಪತ್ರ. ಒಂದರ ಬಗ್ಗೆ ಹೇಳುತ್ತೇನೆ. ತೆಳು ಗುಲಾಬಿ ಕಾಗದ, ಅಂಗೈ ಎರಡರಷ್ಟು. ಮೇಲೆ ನಡುವೆ 'ವಂದೇ ಮಾತರಂ'. ಕೆಳಗೆ ಸಭೆಗೆ ಬರಬೇಕೆಂಬ ವಿನಂತಿ, ಮೈಸೂರು ಸಂಸ್ಥಾನದ ಬಾವುಟ ಮತ್ತು ಕಾಂಗ್ರೆಸ್ ಬಾವುಟ ಎರಡನ್ನೂ ಏರಿಸಲಾಗುವುದು ಎಂಬ ಮಾತು. ಇಸವಿ ಇಲ್ಲ, 'ಬಹುಧಾನ್ಯ ಸಂ. ಕಾರ್ತಿಕ' ಅಂತ ಮಾತ್ರ ಇದೆ. ಅಡಿಯಂಚು ನೇರವಾಗಿ ಕತ್ತರಿಯಲ್ಲಿ ಕತ್ತರಿಸಿದ ಹಾಗಿದೆ, ಹರಿದದ್ದಲ್ಲ. ಹಿಂಬದಿ ಪೆನ್ಸಿಲಿನಲ್ಲಿ ರಾಗಿ ಲೆಕ್ಕ.

ಈ ಸುದ್ದಿ ಹೇಗೋ ಹೊರಗೆ ಹೋಗಿ ಒಬ್ಬರು ಫೋನ್ ಮಾಡಿದರು. ಕರಪತ್ರ ಅಷ್ಟೇ ಕೊಡಿ, ರಸೀದಿ ಗಿಸೀದಿ ನಮಗೆ ಬೇಡ, ಹಾಳೆಗೆ 4 ಸಾವಿರ ಕೊಡುತ್ತೇವೆ ಅಂದರು. ನಾನು ಕೊಡಲಿಲ್ಲ. ಕಂತೆ ಒಡೆದರೆ ಆ ಹಾಳೆಯ ಅರ್ಧ ಕಥೆ ಹೋಯಿತು ಅನ್ನುವುದು ನನ್ನ ನಂಬಿಕೆ. ನಿಮ್ಮ ಅನುಭವ ಹೇಳಿ. ನಿಮ್ಮಲ್ಲಿ ಏನಿದೆ ಅದನ್ನೂ ಬರೆಯಿರಿ.

ಶಿರಾ ಮೇಷ್ಟ್ರು

ಬಹಳ ಒಳ್ಳೆಯ ವಿಷಯ ಎತ್ತಿದಿರಿ. ಮೊದಲು ನಿಮ್ಮ ಹಾಳೆಯ ಕಾಲ ಗೊತ್ತು ಮಾಡಿಬಿಡೋಣ.

ಬಹುಧಾನ್ಯ ಸಂವತ್ಸರ ಶುರುವಾದದ್ದು 1938ರ ಯುಗಾದಿಗೆ, ಮುಗಿದದ್ದು 1939ರ ಯುಗಾದಿಗೆ. ಕಾರ್ತಿಕ ಅಂದರೆ ಆ ವರ್ಷದ ದೀಪಾವಳಿ ಮುಗಿದ ಮೇಲಿನ ತಿಂಗಳು, ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಆದರೆ ಕಾಂಗ್ರೆಸ್ ಬಾವುಟ ಇರುವಾಗ 1878ಕ್ಕೆ ಹೋಗುವ ಹಾಗಿಲ್ಲ.

ಎರಡು ಬಾವುಟದ ಮಾತು ಇನ್ನೂ ಗಟ್ಟಿ ಸಾಕ್ಷಿ. ಏಪ್ರಿಲ್‌ನಲ್ಲಿ ಮದ್ದೂರು ಬಳಿಯ ಶಿವಪುರದ ಧ್ವಜ ಸತ್ಯಾಗ್ರಹ, ಅದಾಗಿ ಎರಡು ವಾರದೊಳಗೆ ವಿದುರಾಶ್ವತ್ಥ. ದೇಶವೆಲ್ಲ ಸುದ್ದಿಯಾಯಿತು. ಗಾಂಧೀಜಿ ವಲ್ಲಭಭಾಯಿ ಪಟೇಲರನ್ನೂ ಕೃಪಲಾನಿಯವರನ್ನೂ ಮೈಸೂರಿಗೆ ಕಳಿಸಿದರು. ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಒಪ್ಪಂದವಾಯಿತು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟ ಹಾರಿಸಬಹುದು ಎಂದಾಯಿತು. ಆಮೇಲಷ್ಟೇ ಇಂಥ ಕರಪತ್ರ ಹೊರಡಲು ಸಾಧ್ಯ. ನಿಮ್ಮ ಕೈಯಲ್ಲಿರುವುದು ಗೋಲಿಬಾರ್ ಆಗಿ ಆರೇಳು ತಿಂಗಳಿಗೆ, ಅದೇ ನೆಲದಲ್ಲಿ ಜನ ಮತ್ತೆ ಸೇರಿದ್ದಕ್ಕೆ ಸಾಕ್ಷಿ. ನನಗಂತೂ ಮೈ ಜುಮ್ಮೆಂದಿತು.

ಹೊಸದಾಗಿ ಕೂಡಿಡುವವರಿಗೆ ಇನ್ನೊಂದು ಗುರುತು ಹೇಳುತ್ತೇನೆ. ಹಾಳೆಯ ಮೇಲೆ 'ಪ್ರಜಾ ಸಂಯುಕ್ತ ಪಕ್ಷ' ಅಂತ ಇದ್ದರೆ ಅದು 1934ರಿಂದ 37ರ ನಡುವಿನದು. ಪ್ರಜಾಪಕ್ಷ, ಪ್ರಜಾಮಿತ್ರ ಮಂಡಳಿ ಕೂಡಿ ಆದ ಪಕ್ಷ ಅದು, 1937ರಲ್ಲಿ ಕಾಂಗ್ರೆಸ್ಸಿನಲ್ಲಿ ಸೇರಿಹೋಯಿತು. ಅದರ ಮುಂಚೂಣಿಯಲ್ಲಿದ್ದ ಕೆ.ಸಿ. ರೆಡ್ಡಿಯವರು ಕೋಲಾರ ಜಿಲ್ಲೆ ಕ್ಯಾಸಂಬಳ್ಳಿಯವರು. ಹಾಗಾಗಿ ಬಂಗಾರಪೇಟೆ, ಕೋಲಾರದ ಕಡೆ ಆ ಹೆಸರಿನ ಹಾಳೆ ಸಿಗುವ ಸಂಭವ ಹೆಚ್ಚು. ಹುಡುಕುವವರು ಅಲ್ಲಿ ಹುಡುಕಿ. 'ಚಿತ್ರಭಾನು' ಕಂಡರೆ 1942, ಕ್ವಿಟ್ ಇಂಡಿಯಾ ವರ್ಷ. 'ಸರ್ವಜಿತು' ಕಂಡರೆ 1947.

ಟ್ರೆಡಲ್ (ತುಮಕೂರು)

ನಮ್ಮಪ್ಪ, ಅವರಪ್ಪ ಇಬ್ಬರೂ ಪ್ರೆಸ್ಸಿನವರು. ನಾನು ಆಫ್‌ಸೆಟ್‌ಗೆ ಬದಲಾದರೂ ಕಾಲಲ್ಲಿ ತುಳಿದು ಅಚ್ಚು ಹಾಕುವ ಹಳೇ ಟ್ರೆಡಲ್ ಮಷೀನ್ ಇನ್ನೂ ಶೆಡ್ಡಿನಲ್ಲಿದೆ, ಮಾರಿಲ್ಲ. ಉತ್ತರಪಿನಾಕಿನಿಯವರೇ, ಅಡಿಯಂಚು ಕತ್ತರಿಸಿದ ವಿಷಯಕ್ಕೆ ನಾನು ಬರೆಯಲೇಬೇಕು.

ಬ್ರಿಟಿಷ್ ಇಂಡಿಯಾದಲ್ಲಿ 1867ರ ಕಾಯಿದೆ ಪ್ರಕಾರ ಅಚ್ಚಾದ ಪ್ರತಿ ಹಾಳೆಯ ಮೇಲೂ ಅಚ್ಚು ಹಾಕಿದವರ ಹೆಸರು, ಊರು ಇರಲೇಬೇಕಿತ್ತು. ಪ್ರೆಸ್ಸಿನವರು ಅದನ್ನು ಹಾಳೆಯ ಅಡಿಯಲ್ಲಿ ಸಣ್ಣ ಮೊಳೆಯಲ್ಲಿ (ಅಚ್ಚಿನ ಸೀಸದ ಅಕ್ಷರ) ಒಂದೇ ಸಾಲಿನಲ್ಲಿ ಹಾಕುತ್ತಿದ್ದರು. ಮೈಸೂರು ಸಂಸ್ಥಾನದಲ್ಲೂ ಪ್ರೆಸ್ಸಿನ ಮೇಲೆ ಕಣ್ಣು ಬಿಗಿಯಾಗಿಯೇ ಇತ್ತು. 1908ರಲ್ಲಿ ಪತ್ರಿಕಾ ಕಾಯಿದೆ ಬಂದಾಗ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದವರು. ಹಾಗಿರುವಾಗ ಚಳವಳಿ ಹಾಳೆಯಲ್ಲಿ ಪ್ರೆಸ್ಸಿನ ಹೆಸರು ಇದ್ದರೆ ಆ ಪ್ರೆಸ್ಸಿಗೆ ಬೀಗ ಬೀಳುವ ಭಯ. ಹೆಸರಿಲ್ಲದ ಹಾಳೆ ಗುಟ್ಟಾಗಿ ಅಚ್ಚಾದದ್ದು. ಹೆಸರಿದ್ದ ಹಾಳೆಯ ಅಡಿಯನ್ನು ಮನೆಯವರೇ ಕತ್ತರಿಸಿ ಇಟ್ಟುಕೊಂಡಿದ್ದರೆ, ನಾಳೆ ಪೊಲೀಸರ ಕೈಗೆ ಸಿಕ್ಕರೂ ಪ್ರೆಸ್ಸಿನವನು ಸಿಕ್ಕಿಬೀಳದಿರಲಿ ಅಂತ. ಹೀಗೆ ಕತ್ತರಿಸಿದ ಹಾಳೆ ನಮ್ಮ ತಾತನೂ ತೋರಿಸಿದ್ದರು. ಖರೀದಿ ಮಾಡುವವರು ಇದನ್ನು 'ಡ್ಯಾಮೇಜ್' ಅಂತ ಬೆಲೆ ಇಳಿಸುತ್ತಾರೆ. ನನ್ನನ್ನು ಕೇಳಿದರೆ ಆ ಕತ್ತರಿ ಗುರುತೇ ಹಾಳೆಯ ಬಹುಮುಖ್ಯ ಭಾಗ.

ಒಂದು ಕೆಲಸ ಮಾಡಿ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಒಂದೊಂದೇ ಅಕ್ಷರ ನೋಡಿ. ಸಣ್ಣ ಪ್ರೆಸ್ಸುಗಳಲ್ಲಿ ಮೊಳೆ ಸಾಲುತ್ತಿರಲಿಲ್ಲ. ಕನ್ನಡಕ್ಕೆ ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಸೇರಿ ಮೊಳೆ ಇಡುವ ಕೇಸಿನಲ್ಲಿ ನೂರಾರು ಖಾನೆ ಬೇಕು. ಒಂದು 'ತ್ತ' ಮುರಿದಿದ್ದರೆ ಅದೇ ಮುರಿದ ಮೊಳೆ ಅದೇ ಪ್ರೆಸ್ಸಿನ ಲಗ್ನಪತ್ರಿಕೆಯಲ್ಲೂ ಕಾಣುತ್ತದೆ! ನಿಮ್ಮ ಕಂತೆಯ ಲಗ್ನಪತ್ರಿಕೆಯಲ್ಲಿ ಪ್ರೆಸ್ಸಿನ ಹೆಸರು ಇರಬೇಕಲ್ಲ? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಉತ್ತರಪಿನಾಕಿನಿ (ಗೌರಿಬಿದನೂರು)

ಟ್ರೆಡಲ್ ಅಣ್ಣ, ನೀವು ಹೇಳಿದ ಮೇಲೆ ಭೂತಗನ್ನಡಿ ಹಿಡಿದು ಕೂತೆ. ಕರಪತ್ರದಲ್ಲಿ 'ಕ್ಕ' ಒತ್ತಿನ ಬಾಲ ಎಲ್ಲ ಕಡೆಯೂ ಮೊಂಡಾಗಿದೆ. ಲಗ್ನಪತ್ರಿಕೆಯಲ್ಲಿ 'ಚಿಕ್ಕಪ್ಪ' ಅನ್ನುವ ಕಡೆ ಅದೇ ಮೊಂಡು ಬಾಲ. ಲಗ್ನಪತ್ರಿಕೆಯ ಅಡಿಯಲ್ಲಿ ಪ್ರೆಸ್ಸಿನ ಊರು ಹಿಂದೂಪುರ.

ಕಂತೆ ಒಡೆಯಬಾರದು ಅಂತ ನಾನು ಹೇಳಿದ್ದು ಇದಕ್ಕೇ. ಲಗ್ನಪತ್ರಿಕೆ ಕಸಕ್ಕೆ ಹೋಗಿದ್ದರೆ ಈ ಮಾತು ಇಲ್ಲಿಗೆ ಬರುತ್ತಲೇ ಇರಲಿಲ್ಲ.

ಟ್ರೆಡಲ್ (ತುಮಕೂರು)

ಹಿಂದೂಪುರ ಅಂದರೆ ಆಶ್ಚರ್ಯವಿಲ್ಲ. ಆಗ ಅದು ಮದ್ರಾಸ್ ಪ್ರಾಂತ್ಯ, ಮೈಸೂರು ಪೊಲೀಸರ ಕೈ ಅಲ್ಲಿಗೆ ನಿಲುಕದು. ಗೌರಿಬಿದನೂರಿನಿಂದ ರೈಲಿನಲ್ಲಿ ಕೂತರೆ ಹತ್ತಿರವೇ. ಮುಂದೆ 1947ರಲ್ಲಿ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 'ಮೈಸೂರು ಚಲೋ' ಸಮಯದಲ್ಲಿ ಎಚ್.ಎಸ್. ದೊರೆಸ್ವಾಮಿಯವರು ತಮ್ಮ 'ಪೌರವಾಣಿ' ಪತ್ರಿಕೆಯನ್ನು ಅಚ್ಚು ಹಾಕಿಸಿದ್ದೂ ಹಿಂದೂಪುರದಲ್ಲೇ.

ಆದರೆ ಮೊಳೆ ಒಂದನ್ನೇ ನಂಬಿ ತೀರ್ಪು ಕೊಡಬೇಡಿ. ಮೊಳೆ ಎರಕ ಹೊಯ್ಯುವ ಒಂದೇ ಫೌಂಡ್ರಿಯ ಸರಕು ಹತ್ತು ಪ್ರೆಸ್ಸಿಗೆ ಹೋಗಿರುತ್ತದೆ. ಸವೆತ ಮಾತ್ರ ಆಯಾ ಪ್ರೆಸ್ಸಿನದೇ. ಕೊನೆಗೆ ಮೂರ್ನಾಲ್ಕು ಅಕ್ಷರದಲ್ಲಾದರೂ ಒಂದೇ ಥರ ಸವೆತ ಕಂಡರೆ ಧೈರ್ಯವಾಗಿ ಹೇಳಬಹುದು.

ಹಳೇಸರಕು (ತುಮಕೂರು)

ನಾನು ಹಳೇ ಪುಸ್ತಕ, ಹಳೇ ಕಾಗದದ ವ್ಯಾಪಾರ ಮಾಡುವವನು. ನಿಮಗೆ ಫೋನ್ ಮಾಡಿದವನು ನಾನಲ್ಲ ಸಾರ್. ಆದರೂ ವ್ಯಾಪಾರಸ್ಥರ ಪರವಾಗಿ ಎರಡು ಮಾತು ಹೇಳಲೇಬೇಕು.

ನೀವು ಓದಿದವರು, ಕಂತೆ ಎತ್ತಿಟ್ಟಿರಿ. ಹತ್ತು ಮನೆಯಲ್ಲಿ ಒಂಬತ್ತು ಮನೆಯವರು ಏನು ಮಾಡುತ್ತಾರೆ ನೋಡಿ. ಮನೆ ಭಾಗ ಆಗುತ್ತದೆ, ಅಣ್ಣತಮ್ಮಂದಿರು ಪಾತ್ರೆ ಪಡಗ ಹಂಚಿಕೊಳ್ಳುತ್ತಾರೆ, ಕಾಗದ ಮಾತ್ರ ಯಾರಿಗೂ ಬೇಡ. ನೀರೊಲೆಗೆ ಹೋಗುತ್ತದೆ, ಇಲ್ಲವೇ ಕೇಜಿ ಲೆಕ್ಕದಲ್ಲಿ ಗುಜರಿಗೆ. ಆ ಗುಜರಿಯವನಿಗೆ 'ಹಳೇ ಅಚ್ಚಿನ ಹಾಳೆ ಕಂಡರೆ ನನಗೆ ಹೇಳಪ್ಪ, ದುಡ್ಡು ಕೊಡ್ತೀನಿ' ಅಂತ ಹೇಳಿಟ್ಟಿರುವವರು ನಾವು. ದುಡ್ಡು ಬರುತ್ತೆ ಅಂತ ಗೊತ್ತಾದ್ದರಿಂದಲೇ ಎಷ್ಟೋ ಹಾಳೆ ಉಳಿದಿವೆ. ಗುಬ್ಬಿ ಕಂಪನಿ ನಾಟಕದ ಹ್ಯಾಂಡ್‌ಬಿಲ್ ಇವತ್ತು ಜನ ಚೌಕಟ್ಟು ಹಾಕಿಸಿ ಗೋಡೆಗೆ ಹಾಕುತ್ತಾರೆ. ಅದಕ್ಕೊಂದು ಬೆಲೆ ಕಟ್ಟಿ ಮಾರಿದವರು ಇದ್ದದ್ದರಿಂದಲೇ ಅದು ಗೋಡೆಗೆ ಬಂತು. ರಾಜಕೀಯದ ಹಾಳೆಗೂ ಹಾಗೆ ಬೆಲೆ ಬಂದರೆ ಉಳಿಯುತ್ತವೆ. ಬರೀ ಅಭಿಮಾನದಿಂದ ಉಳಿಯಲ್ಲ.

ಕಂತೆ ಪೂರ್ತಿ ಕೊಳ್ಳಿ ಅಂದರೆ ಕೊಳ್ಳೋಣ. ಆದರೆ ಅದನ್ನು ಕೊಳ್ಳುವ ಗಿರಾಕಿ ಎಲ್ಲಿ? ಕಂದಾಯ ರಸೀದಿಗೆ ಯಾರೂ ಕಾಸು ಬಿಚ್ಚಲ್ಲ.

ಉತ್ತರಪಿನಾಕಿನಿ (ಗೌರಿಬಿದನೂರು)

ಹಳೇಸರಕು ಅವರೇ, ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಒಲೆ ಪಾಲಾಗುವುದಕ್ಕಿಂತ ನಿಮ್ಮ ಅಂಗಡಿ ಸೇರುವುದು ಸಾವಿರ ಪಾಲು ಮೇಲು. ಒಪ್ಪದ ಅರ್ಧ ಇದು: ಅಂಗಡಿ ಸೇರಿದ ಹಾಳೆಗೆ ಊರಿನ ಹೆಸರು ಅಂಟಿಕೊಂಡೇ ಬರಬೇಕು. ನೀವು ಮಾರುವಾಗ 'ಮಧುಗಿರಿ ತಾಲ್ಲೂಕಿನ ಇಂಥ ಊರಿನ ಶಾನುಭೋಗರ ಮನೆಯಲ್ಲಿ, ಇಂಥಿಂಥ ಕಾಗದದ ಜೊತೆ ಸಿಕ್ಕಿತು' ಅಂತ ಒಂದು ಚೀಟಿ ಬರೆದು ಇಟ್ಟರೆ ಏನು ನಷ್ಟ? ಶಾನುಭೋಗರ ಮನೆಯಲ್ಲಿ ಸಿಕ್ಕಿದ್ದಕ್ಕೂ ಕೂಲಿ ಮಾಡುವವರ ಗುಡಿಸಲಲ್ಲಿ ಸಿಕ್ಕಿದ್ದಕ್ಕೂ ವ್ಯತ್ಯಾಸ ಇದೆ. ಒಂದು ಕಡೆ ಸರ್ಕಾರಿ ನೌಕರನೇ ಗುಟ್ಟಾಗಿ ಇಟ್ಟುಕೊಂಡಿದ್ದ. ಇನ್ನೊಂದು ಕಡೆ ಓದಲು ಬಾರದವರೂ ಜೋಪಾನ ಮಾಡಿದ್ದರು. ಊರಿನ ಹೆಸರು ಹೋದರೆ ಎರಡೂ ಬರೀ ಗುಲಾಬಿ ಕಾಗದ.

ಹಳೇಸರಕು (ತುಮಕೂರು)

ಚೀಟಿ ಬರೆದಿಡೋದು ಸರಿ, ಮಾಡಬಹುದು. ಮನೆಯವರ ಹೆಸರು ಹಾಕಲ್ಲ, ಊರು ಹಾಕ್ತೀನಿ. ಗುಜರಿಯವರಿಗೆ ಊರು ನೆನಪಿರುತ್ತೆ, ಕೇಳಬೇಕು ಅಷ್ಟೇ. ಈ ವಾರದಿಂದಲೇ ಶುರು ಮಾಡ್ತೀನಿ.

ಚಾಂಪಿಯನ್ ರೀಫ್

ಕೋಲಾರ ಜಿಲ್ಲೆ ಅಂತೀರಿ, ಚಿನ್ನದ ಗಣಿಯ ಕೆಜಿಎಫ್ ಮರೆತೇಬಿಟ್ಟಿರಿ. ನಮ್ಮ ಗಣಿ ಕಾಲೋನಿಗಳಲ್ಲಿ ಹಂಚಿದ ಹಾಳೆಗಳಲ್ಲಿ ಹೆಚ್ಚಿನವು ತಮಿಳು, ಒಂದಷ್ಟು ತೆಲುಗು. ಕನ್ನಡ ಇಲ್ಲ ಅಂತ ಇವನ್ನು ನಮ್ಮ ಜಿಲ್ಲೆಯ ಇತಿಹಾಸದಿಂದ ಹೊರಗಿಡಬಾರದು. 1930ರಲ್ಲಿ ಗಣಿ ಕಾರ್ಮಿಕರ ಬೆರಳಚ್ಚು ತೆಗೆದುಕೊಳ್ಳುವ ನಿಯಮ ತಂದಾಗ ಇಡೀ ಗಣಿ ನಿಂತಿತು. ಕಳ್ಳರಿಗೆ ಮಾಡುವುದನ್ನು ನಮಗೆ ಮಾಡುತ್ತೀರಾ ಎಂಬ ಸಿಟ್ಟು ಅದು. ಸ್ವಾತಂತ್ರ್ಯ ಚಳವಳಿಯ ಲೆಕ್ಕಕ್ಕೆ ಅದನ್ನು ಸೇರಿಸುವವರು ಕಮ್ಮಿ. ನನಗೆ ಅದು ಅಷ್ಟೇ ದೊಡ್ಡದು.

ಇನ್ನೂ ಹಿಂದಕ್ಕೆ ಹೋದರೆ ತಮಿಳು ದಲಿತ ಚಿಂತಕ ಅಯೋಧಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ನಮ್ಮಲ್ಲಿತ್ತು. 1907ರಲ್ಲಿ ಅವರು ಶುರು ಮಾಡಿದ 'ತಮಿಳನ್' ಪತ್ರಿಕೆಗೆ ಇಲ್ಲಿನ ಕಾರ್ಮಿಕರು ಓದುಗರು. ಚಾಂಪಿಯನ್ ರೀಫ್‌ನಲ್ಲೇ ಸಿದ್ಧಾರ್ಥ ಪುಸ್ತಕ ಶಾಲೆ ಅಂತ ಪ್ರಕಾಶನ ಇತ್ತು, ಸಣ್ಣ ಸಣ್ಣ ಪುಸ್ತಿಕೆ ತರುತ್ತಿದ್ದರು. ಗಣಿ ಮುಚ್ಚಿ (2001) ಜನ ಬೆಂಗಳೂರಿಗೆ ಕೆಲಸಕ್ಕೆ ರೈಲು ಹತ್ತಿದ ಮೇಲೆ ಎಷ್ಟು ಮನೆ ಖಾಲಿಯಾದವು, ಎಷ್ಟು ಪೆಟ್ಟಿಗೆ ಗುಜರಿಗೆ ಹೋದವು. ನಮ್ಮ ಲೈನಿನಲ್ಲಿ (ಕಾರ್ಮಿಕರ ಸಾಲುಮನೆ) ಅಮ್ಮನ ಜೊತೆ ಕೆಲಸ ಮಾಡುತ್ತಿದ್ದ ಅಜ್ಜಿಯೊಬ್ಬರು ಯೂನಿಯನ್ ನೋಟೀಸುಗಳನ್ನು ಅಕ್ಕಿ ಡಬ್ಬದ ತಳಕ್ಕೆ ಹಾಕಿದ್ದರು. ಅಲ್ಲಿ ಗಾಳಿ ಬೆಳಕು ತಾಗದೆ ಹೊಸದರಂತೆ ಉಳಿದಿವೆ. ತಮಿಳು ಓದಬಲ್ಲವರು ಬೇಕಿದ್ದರೆ ನಾನಿದ್ದೇನೆ, ಓದಿ ಕನ್ನಡದಲ್ಲಿ ಸಾರಾಂಶ ಬರೆದುಕೊಡುತ್ತೇನೆ.

ತೇರಹಳ್ಳಿ ಬೆಟ್ಟ (ಕೋಲಾರ)

ಚಾಂಪಿಯನ್ ರೀಫ್ ಅವರ ಮಾತಿಗೆ ನನ್ನದೂ ಸೇರಿಸಿ. 1947ಕ್ಕೇ ಗೆರೆ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಹಟ್ಟಿಗಳಿಗೆ ಕ್ರಾಂತಿಯ ಕಾಗದ ಬಂದದ್ದು 70ರ ದಶಕದಲ್ಲಿ, ದಲಿತ ಸಂಘರ್ಷ ಸಮಿತಿ ಜೊತೆಗೆ. ಪಾದಯಾತ್ರೆ ಕರಪತ್ರ, ಭೂಮಿ ಹೋರಾಟದ ಕರಪತ್ರ, ಹಿಂಬದಿಗೆ ಹೋರಾಟದ ಹಾಡು ಅಚ್ಚಾಗಿರುವ ಕರಪತ್ರ. ಆ ಹಾಳೆ ನೋಡಿಕೊಂಡೇ ಜನ ಹಾಡು ಕಲಿತರು. ಅವು ಐವತ್ತು ವರ್ಷದ ಹಾಳೆ ಅಷ್ಟೇ, ಆದರೆ 1938ರ ಹಾಳೆಗಿಂತ ಬೇಗ ಪುಡಿಯಾಗುತ್ತಿವೆ. ಅಗ್ಗದ ನ್ಯೂಸ್‌ಪ್ರಿಂಟಿನಲ್ಲಿ ಹಾಕಿಸಿದ್ದರು, ಅದಕ್ಕಿಂತ ಜಾಸ್ತಿ ದುಡ್ಡು ಯಾರ ಹತ್ರ ಇತ್ತು? ಅಪರೂಪ ಆಗುವ ತನಕ ಕಾದು ಆಮೇಲೆ ಹುಡುಕುವ ಬದಲು ಈಗಲೇ ಎತ್ತಿಡೋಣ. ಹಂಚಿದವರು ಇನ್ನೂ ಬದುಕಿದ್ದಾರೆ, ಕೇಳಿದರೆ ಹೇಳುತ್ತಾರೆ.

ಶಿರಾ ಮೇಷ್ಟ್ರು

ತೇರಹಳ್ಳಿಯವರ ಮಾತು ನೂರಕ್ಕೆ ನೂರು ಸರಿ. ತುರ್ತು ಪರಿಸ್ಥಿತಿಯ ಹಾಳೆಗಳನ್ನೂ ಸೇರಿಸಬೇಕು. 1975ರ ಜೂನ್ 26ರಂದು ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅವರನ್ನು ಬೆಂಗಳೂರಿನಲ್ಲೇ ಬಂಧಿಸಿದರು. ಪತ್ರಿಕೆಗಳಿಗೆ ಸೆನ್ಸಾರ್ ಬಂತು. ಆಗ ಸುದ್ದಿ ಓಡಾಡಿದ್ದು ಸೈಕ್ಲೋಸ್ಟೈಲ್ ಹಾಳೆಗಳಲ್ಲಿ. ಯಾವ ಪಕ್ಷದವರದ್ದಾದರೂ ಆಗಲಿ, ಎಲ್ಲರದ್ದೂ ಎತ್ತಿಡಬೇಕು. ನಮಗೆ ಹಿಡಿಸದ ಮಾತು ಇರುವ ಹಾಳೆಯನ್ನು ಎಸೆಯುವವನು ಸಂಗ್ರಹಕಾರನಲ್ಲ.

ಟ್ರೆಡಲ್ (ತುಮಕೂರು)

ಸೈಕ್ಲೋಸ್ಟೈಲ್ ಮಾತು ಬಂದಿದ್ದಕ್ಕೆ ಒಂದು ಗುರುತು. ಮೇಣ ಹಚ್ಚಿದ ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಮೊನೆಯಲ್ಲಿ ಕೈಬರಹ ಕೊರೆಯಬೇಕಿತ್ತು. ನಮ್ಮ ಅಕ್ಷರಗಳು ದುಂಡು. ಸುತ್ತು ಪೂರ್ತಿ ಕೊರೆದರೆ ನಡುವಿನ ತುಂಡು ಕಿತ್ತು ಬೀಳುತ್ತದೆ, ಮಸಿ ತುಂಬಿಕೊಂಡು ಅಲ್ಲಿ ಕಪ್ಪು ಬೊಟ್ಟಾಗುತ್ತದೆ. ಅದಕ್ಕೇ ಪಳಗಿದವರು 'ಠ', 'ರ', 'ಂ' ಬರೆಯುವಾಗ ಸುತ್ತನ್ನು ಮುಚ್ಚದೆ ಒಂದು ಕೂದಲೆಳೆ ಬಿಡುತ್ತಿದ್ದರು. ಸೊನ್ನೆಗಳೆಲ್ಲ ಒಂದೇ ಕಡೆ ಬಾಯಿ ತೆರೆದಿದ್ದರೆ ಅದು ಒಬ್ಬನೇ ಬರೆದದ್ದು ಅಂತ ಹೇಳಬಹುದು. ಹೆಸರಿಲ್ಲದ ಹಾಳೆಗಳನ್ನು ಬರೆದ ಕೈಗಳನ್ನು ಹೀಗೆ ಒಂದೊಂದಾಗಿ ಬೇರೆ ಮಾಡಬಹುದು.

ಕಡತ ಓದುವವಳು (ತುಮಕೂರು)

ಸಂಶೋಧನಾ ವಿದ್ಯಾರ್ಥಿನಿ. ಮನೆಗಳಷ್ಟೇ ಅಲ್ಲ, ಸರ್ಕಾರದ ಕಡತಗಳಲ್ಲೂ ಕರಪತ್ರ ಉಳಿದಿವೆ ಅಂತ ತಿಳಿಸಲು ಬರೆಯುತ್ತಿದ್ದೇನೆ. ಪೊಲೀಸರು ವಶಪಡಿಸಿಕೊಂಡ ಹಾಳೆಯನ್ನು ವರದಿಗೆ ಪಿನ್ ಹಾಕಿ, ಇಂಗ್ಲಿಷ್ ಅನುವಾದ ಲಗತ್ತಿಸಿ ಮೇಲಿನವರಿಗೆ ಕಳಿಸುತ್ತಿದ್ದರು. ಹಂಚಿದವರು ಸುಟ್ಟುಹಾಕಿದ್ದನ್ನು ಹಿಡಿದವರು ಜೋಪಾನ ಮಾಡಿದ್ದಾರೆ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ಕಾಲದ ಕಡತಗಳನ್ನು ಅನುಮತಿ ಪಡೆದು ನೋಡಬಹುದು. ಬ್ರಿಟಿಷ್ ಇಂಡಿಯಾದಲ್ಲಿ ನಿಷೇಧವಾದ ಹಾಳೆ, ಪುಸ್ತಿಕೆಗಳ ದೊಡ್ಡ ರಾಶಿ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಇದೆ.

ಆದರೆ ಕಡತದ ಪ್ರತಿ ಮತ್ತು ಮನೆಯ ಪ್ರತಿ ಎರಡೂ ಬೇಕು. ಕಡತ ಹೇಳುವುದು ಯಾವತ್ತು, ಎಲ್ಲಿ, ಯಾರ ಜೇಬಿನಲ್ಲಿ ಸಿಕ್ಕಿತು ಅಂತ. ಮನೆಯ ಪ್ರತಿ ಹೇಳುವುದು ಯಾರು ಅದನ್ನು ಬೇಕೆಂದು ಇಟ್ಟುಕೊಂಡರು ಅಂತ. ವಿದುರಾಶ್ವತ್ಥದಲ್ಲಿ ಸತ್ತವರ ಲೆಕ್ಕವೇ ನೋಡಿ, ಸರ್ಕಾರದ ಕಾಗದದಲ್ಲಿ ಇರುವ ಸಂಖ್ಯೆ ಬೇರೆ, ಜನ ಹೇಳುವುದು ಮೂವತ್ತಕ್ಕೂ ಮೇಲೆ. ಎರಡೂ ಕಡೆಯ ಕಾಗದ ಎದುರೆದುರು ಇಟ್ಟು ಓದದೆ ಅಂಥ ಪ್ರಶ್ನೆಗೆ ಕೈ ಹಾಕಲಾಗದು.

ಉತ್ತರಪಿನಾಕಿನಿ ಸಾರ್, ನಿಮ್ಮ ಕಂತೆಯಲ್ಲಿ ತೆಲುಗು ಹಾಳೆ ಏನಾದರೂ ಇದೆಯಾ? ನಿಮ್ಮ ಕಡೆ, ಬಾಗೇಪಲ್ಲಿ ಕಡೆ ಮನೆಮಾತು ತೆಲುಗು ತಾನೆ.

ಉತ್ತರಪಿನಾಕಿನಿ (ಗೌರಿಬಿದನೂರು)

ಇದೆಯಮ್ಮ. ತೆಲುಗು ಅಕ್ಷರದ್ದಲ್ಲ, ಕನ್ನಡ ಅಕ್ಷರದಲ್ಲಿ ತೆಲುಗು ಮಾತು. ಕೈಬರಹದ್ದು, ನಾಲ್ಕು ಸಾಲು, ಕೋಲಾಟದ ಪದದ ಧಾಟಿ. ನಮ್ಮಮ್ಮ ಓದಿದ ಕೂಡಲೇ ರಾಗ ಹಾಕಿ ಹೇಳಿಬಿಟ್ಟರು! ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತೆಲುಗು ಆಡುವ ನಮ್ಮಂಥವರಿಗೆಂದೇ ಯಾರೋ ಬರೆದದ್ದು. ಅದರ ಫೋಟೋ ನಾಳೆ ಹಾಕುತ್ತೇನೆ.

ಪುಸ್ತಕದ ಆರೈಕೆ (ಚಿಂತಾಮಣಿ)

ಗ್ರಂಥಾಲಯದಲ್ಲಿ ಹಳೇ ಪುಸ್ತಕ ದುರಸ್ತಿ ಕೆಲಸ ಮಾಡುತ್ತೇನೆ. ದಯವಿಟ್ಟು ಎಲ್ಲರೂ ಇದನ್ನು ಓದಿ.

ಲ್ಯಾಮಿನೇಷನ್ ಮಾಡಿಸಬೇಡಿ. ನಮ್ಮ ಕಡೆ ಪ್ರೀತಿಯಿಂದ ಮಾಡುವ ದೊಡ್ಡ ಅನಾಹುತ ಇದು. ಬಿಸಿಗೆ ಕಾಗದ ಪ್ಲಾಸ್ಟಿಕ್ಕಿಗೆ ಅಂಟಿಕೊಂಡರೆ ಮತ್ತೆ ಬಿಡಿಸಲಾಗದು, ಒಳಗೊಳಗೇ ಕಂದುತ್ತಾ ಹೋಗುತ್ತದೆ. ಸೆಲ್ಲೋಟೇಪೂ ಬೇಡ. ಅದರ ಅಂಟು ಕೆಲವು ವರ್ಷಕ್ಕೆ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಅಕ್ಷರವನ್ನೂ ತಿನ್ನುತ್ತದೆ. ಹರಿದಿದ್ದರೆ ಹರಿದ ಹಾಗೇ ಇರಲಿ. ಅಂಟಿಸಲೇಬೇಕಿದ್ದರೆ ಜಪಾನಿ ಟಿಶ್ಯೂ (ತೆಳು, ಗಟ್ಟಿ ನಾರಿನ ಕಾಗದ) ಮತ್ತು ಗೋಧಿ ಗಂಜಿಯಲ್ಲಿ ಗೊತ್ತಿದ್ದವರ ಕೈಲಿ ಮಾಡಿಸಿ. ಗಂಜಿ ನೀರಿಗೆ ಬಿಡುತ್ತದೆ, ಬೇಕೆಂದಾಗ ತೆಗೆಯಬಹುದು.

ಯುದ್ಧದ ವರ್ಷಗಳಲ್ಲಿ ಕಾಗದಕ್ಕೆ ಬರ. ಸಿಕ್ಕಿದ ಕಾಗದ ಕೀಳು ದರ್ಜೆಯದು, ಆಮ್ಲ ಜಾಸ್ತಿ. ಅದಕ್ಕೇ 1942ರ ಹಾಳೆ ಮಡಿಕೆಯಲ್ಲೇ ತುಂಡಾಗುವುದು. ಮಡಿಸಿದ್ದನ್ನು ಒಮ್ಮೆಲೇ ಬಿಡಿಸಬೇಡಿ. ತುಕ್ಕು ಹಿಡಿದ ಗುಂಡುಪಿನ್ ಇದ್ದರೆ ಎಳೆಯಬೇಡಿ, ಪಿನ್ನಿನ ಕೆಳಗೆ ತೆಳು ರಟ್ಟು ತೂರಿಸಿ ನಿಧಾನ ಸಡಿಲಿಸಿ. ನುಸಿಗುಳಿಗೆ ಕಾಗದಕ್ಕೆ ತಾಗುವ ಹಾಗೆ ಇಡಬೇಡಿ. ನಮ್ಮ ಹಿರಿಯರು ಬಜೆ ಬೇರು, ಬೇವಿನೆಲೆಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಪೆಟ್ಟಿಗೆ ಮೂಲೆಯಲ್ಲಿ ಇಡುತ್ತಿದ್ದರು, ಅದು ಒಳ್ಳೆಯದೇ. ಆದರೆ ಹಸಿ ಎಲೆ ಬೇಡ, ತೇವ ಬಿಡುತ್ತದೆ. ಗೆದ್ದಲು ಬರುವುದು ಗೋಡೆಯಿಂದ, ಹಾಗಾಗಿ ಪೆಟ್ಟಿಗೆಯನ್ನು ಗೋಡೆಗೂ ನೆಲಕ್ಕೂ ತಾಗದಂತೆ ಇಡಿ. ಪ್ಲಾಸ್ಟಿಕ್ ಕವರ್ ಬೇಕಿದ್ದರೆ ಪಾಲಿಯೆಸ್ಟರ್ ಹಾಳೆಯದ್ದೇ ಕೊಳ್ಳಿ. ಅಂಗಡಿಯಲ್ಲಿ ಸಿಗುವ ವಾಸನೆಯ ಪಿವಿಸಿ ಕವರ್ ಆಗದು.

ಫೋಟೋ ತೆಗೆಯುವಾಗ ಫ್ಲ್ಯಾಶ್ ಬೇಡ. ಬೆಳಗ್ಗೆ ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ ಇಟ್ಟು, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು, ಎರಡೂ ಬದಿ ತೆಗೆಯಿರಿ. ರಾಗಿ ಲೆಕ್ಕದ ಬದಿಯನ್ನೂ ಬಿಡಬೇಡಿ.

ಹಳೇಸರಕು (ತುಮಕೂರು)

ಚಿಂತಾಮಣಿ ಅಕ್ಕ ಹೇಳಿದ್ದಕ್ಕೆ ನಕಲಿ ವಿಷಯವನ್ನೂ ಸೇರಿಸುತ್ತೇನೆ, ಹೊಸಬರು ಮೋಸ ಹೋಗಬಾರದು. ಈಚೆಗೆ ಚಹಾ ನೀರಲ್ಲಿ ಅದ್ದಿ ಒಣಗಿಸಿದ 'ಹಳೇ' ಹಾಳೆಗಳು ಓಡಾಡುತ್ತಿವೆ. ಮೊಳೆ ಅಚ್ಚಾದರೆ ಹಿಂಬದಿ ಬೆರಳಾಡಿಸಿದರೆ ಅಕ್ಷರ ಒತ್ತಿದ ಉಬ್ಬು ಸಿಗುತ್ತದೆ, ಲೇಸರ್ ಪ್ರಿಂಟ್ ನುಣ್ಣಗಿರುತ್ತದೆ. ನೋಟು ನೋಡುವ ನೇರಳೆ ದೀಪ ಹಿಡಿದರೆ ಈಚಿನ ಬಿಳಿ ಕಾಗದ ನೀಲಿಯಾಗಿ ಹೊಳೆಯುತ್ತದೆ. ಬಿಳುಪಿಗಾಗಿ ಹಾಕುವ ಆ ರಾಸಾಯನಿಕ 30ರ ದಶಕದ ಕಾಗದದಲ್ಲಿ ಇರಲಿಲ್ಲ. ಹಾಗಂತ ಹೊಳೆಯದ್ದೆಲ್ಲ ಅಸಲಿ ಅಲ್ಲ. ಕಂಪ್ಯೂಟರ್ ಅಕ್ಷರಕ್ಕೆ ಒಂದು ಗುರುತಿದೆ, ಎಲ್ಲ 'ಅ'ಗಳೂ ಒಂದೇ ಅಚ್ಚು, ಒಂದೂ ಸವೆದಿರಲ್ಲ. ಬೆಲೆ ನಯಾಪೈಸೆಯಲ್ಲಿ ಹಾಕಿ '1942' ಅಂದರೆ ನಂಬಬೇಡಿ. ಆಣೆ ಹೋಗಿ ನಯಾಪೈಸೆ ಬಂದದ್ದು 1957ರಲ್ಲಿ.

ಕಡತ ಓದುವವಳು (ತುಮಕೂರು)

ಕಾನೂನಿನ ಒಂದು ಮಾತು. 1972ರ ಪ್ರಾಚ್ಯವಸ್ತು ಕಾಯಿದೆ ಪ್ರಕಾರ ಚಾರಿತ್ರಿಕ ಮೌಲ್ಯದ ಕಾಗದಪತ್ರ 75 ವರ್ಷ ದಾಟಿದರೆ ಪ್ರಾಚ್ಯವಸ್ತು ಅನಿಸಿಕೊಳ್ಳಬಹುದು. ಅಂಥದ್ದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. 1947ರ ಹಾಳೆಗಳೂ ಈಗ ಆ ವಯಸ್ಸು ದಾಟಿವೆ. ಆನ್‌ಲೈನ್ ಹರಾಜಿನಲ್ಲಿ ವಿದೇಶದ ಗಿರಾಕಿ ಸಿಕ್ಕಿದ ಅಂತ ಪಾರ್ಸೆಲ್ ಕಟ್ಟುವ ಮುಂಚೆ ಯೋಚಿಸಿ.

ತೇರಹಳ್ಳಿ ಬೆಟ್ಟ (ಕೋಲಾರ)

ಕೊನೆಗೆ ಇವೆಲ್ಲ ಎಲ್ಲಿರಬೇಕು? ಪತ್ರಾಗಾರಕ್ಕೆ ಕೊಡಿ ಅಂತಾರೆ. ನಮ್ಮ ಕಡೆಯ ಒಬ್ಬ ಹಿರಿಯರು ಒಂದು ಸಂಸ್ಥೆಗೆ ಇಡೀ ಪೆಟ್ಟಿಗೆ ಕೊಟ್ಟು ಬಂದರು. ವರ್ಷಗಳಾದ ಮೇಲೆ ಕೇಳಿದರೆ ಅಂಥ ಪೆಟ್ಟಿಗೆ ಬಂದ ದಾಖಲೆಯೇ ಇಲ್ಲ ಅಂದರು. ಆ ನೋವು ನನಗೆ ಇನ್ನೂ ಇದೆ. ಅಸಲು ಮನೆಯಲ್ಲೇ, ಊರಲ್ಲೇ ಇರಲಿ. ನಕಲು ಎಲ್ಲರಿಗೂ ಸಿಗಲಿ.

ಕಡತ ಓದುವವಳು (ತುಮಕೂರು)

ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಮನೆಯಲ್ಲೇ ಇರಲಿ ಅನ್ನುವುದನ್ನು ನಾನು ಪೂರ್ತಿ ಒಪ್ಪಲಾರೆ. ಮುಂದಿನ ತಲೆಮಾರಿಗೆ ಅದೇ ಆಸಕ್ತಿ ಇರುತ್ತದೆಂದು ಯಾರು ಹೇಳಬಲ್ಲರು? ಕೊಡುವಾಗ ಪ್ರತಿ ಹಾಳೆಯ ಪಟ್ಟಿ ಮಾಡಿ, ಎರಡು ಪ್ರತಿ ಬರೆದು, ಒಂದಕ್ಕೆ ಸಹಿ, ಮೊಹರು, ತಾರೀಖು ಹಾಕಿಸಿಕೊಂಡು ಬನ್ನಿ. ಪಟ್ಟಿಯಿಲ್ಲದೆ ಒಂದು ಹಾಳೆಯನ್ನೂ ಕೈಬಿಡಬೇಡಿ. ಮೊದಲು ಎಲ್ಲದರ ಫೋಟೋ ನಿಮ್ಮ ಬಳಿ ಇರಲಿ.

ಉತ್ತರಪಿನಾಕಿನಿ (ಗೌರಿಬಿದನೂರು)

ಅಸಲು ಎಲ್ಲಿರಬೇಕು ಅನ್ನುವುದನ್ನು ಆಯಾ ಮನೆಯವರು ತೀರ್ಮಾನಿಸಲಿ, ನಾವು ಒತ್ತಾಯ ಮಾಡುವುದು ಬೇಡ. ಪಟ್ಟಿ ಮಾತ್ರ ಈಗಲೇ ಶುರು ಮಾಡೋಣ. ಒಂದೊಂದು ಹಾಳೆಗೂ ಸಿಕ್ಕಿದ ಊರು, ತಾಲ್ಲೂಕು, ಯಾವ ಕಾಗದಗಳ ಜೊತೆ ಸಿಕ್ಕಿತು, ಅಳತೆ, ಬಣ್ಣ, ಭಾಷೆ ಮತ್ತು ಅಕ್ಷರ, ಪ್ರೆಸ್ಸಿನ ಹೆಸರು ಇದೆಯೋ ಕತ್ತರಿಸಿದೆಯೋ, ಸಂವತ್ಸರ ಅಥವಾ ತಾರೀಖು, ಹಿಂಬದಿ ಏನಿದೆ, ಮನೆಯ ಹಿರಿಯರು ಏನು ಹೇಳಿದರು, ಇಷ್ಟು ಬರೆದರೆ ಸಾಕು. ಮನೆಯವರ ಹೆಸರು, ಫೋನ್ ನಂಬರ್ ಬೇಡ. 1930ರಿಂದ 1977ರವರೆಗೆ ಇರಲಿ, ತೇರಹಳ್ಳಿ, ಚಾಂಪಿಯನ್ ರೀಫ್ ಇಬ್ಬರ ಮಾತೂ ನಡೆದ ಹಾಗಾಯಿತು. ತಮಿಳಿಗೆ ಚಾಂಪಿಯನ್ ರೀಫ್, ಸಂವತ್ಸರಕ್ಕೆ ಮೇಷ್ಟ್ರು, ಅಚ್ಚಿಗೆ ಟ್ರೆಡಲ್ ಅಣ್ಣ.

ತೇರಹಳ್ಳಿ ಬೆಟ್ಟ (ಕೋಲಾರ)

1977 ಯಾಕೆ? ನಮ್ಮ ಪಾದಯಾತ್ರೆಗಳು 80ರ ದಶಕದಲ್ಲೂ ನಡೆದಿವೆ. 1990 ಮಾಡಿ.

ಉತ್ತರಪಿನಾಕಿನಿ (ಗೌರಿಬಿದನೂರು)

ಆಗಲಿ, 1990.

ಟ್ರೆಡಲ್ (ತುಮಕೂರು)

ಹಿಂದೂಪುರದಲ್ಲಿ ನಮ್ಮ ಭಾವನವರ ಕಾಗದದ ಅಂಗಡಿ ಇದೆ. ಅಲ್ಲಿನ ಹಳೇ ಪ್ರೆಸ್ಸಿನವರನ್ನೆಲ್ಲ ಅವರು ಬಲ್ಲರು. ನಿಮ್ಮ ಲಗ್ನಪತ್ರಿಕೆಯ ಅಡಿಸಾಲಿನ ಫೋಟೋ ದೊಡ್ಡದು ಮಾಡಿ ಕಳಿಸಿ, ಭಾನುವಾರ ಹೋದಾಗ ಆ ಪ್ರೆಸ್ಸಿನ ಮನೆತನದವರು ಯಾರಾದರೂ ಇದ್ದಾರಾ ಕೇಳಿಕೊಂಡು ಬರುತ್ತೇನೆ. ಮೊಳೆ ಕೇಸು ಇನ್ನೂ ಇಟ್ಟಿದ್ದರೆ ಆ ಮೊಂಡು 'ಕ್ಕ' ಸಿಗಲೂಬಹುದು.